ಬೆಂಗಳೂರು–ಟೋಕಿಯೊ: ದೂರ ಒಂದೇ, ಹೊತ್ತು ಎರಡು

12 ಜನವರಿ 2025, ಭಾನುವಾರ
ಕಾಸರಗೋಡು

ನಮ್ಮೂರಲ್ಲಿ ವಿಮಾನ ಎಂದರೆ ಗಲ್ಫ್. ಮಂಗಳೂರಿನ ಬಜ್ಪೆ ನಿಲ್ದಾಣದಿಂದ ದುಬೈಗೆ ಸುಮಾರು 2,460 ಕಿ.ಮೀ., ನಾಲ್ಕು ಗಂಟೆಯೊಳಗಿನ ದಾರಿ. ಆ ಲೆಕ್ಕವನ್ನೇ ಹಿಗ್ಗಿಸಿ ಜಪಾನಿಗೆ ಹಚ್ಚಿದರೆ ಎಡವಟ್ಟಾಗುತ್ತದೆ.

ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ಸುಮಾರು 6,700 ಕಿ.ಮೀ. ಮನೆಯಲ್ಲೇ ಅಳೆದು ನೋಡಬಹುದು. 30 ಸೆಂ.ಮೀ. ಅಡ್ಡಳತೆಯ ಗ್ಲೋಬಿನ ಸುತ್ತಳತೆ 94 ಸೆಂ.ಮೀ.; ಭೂಮಿಯದ್ದು 40,000 ಕಿ.ಮೀ. ಅಂದರೆ ಒಂದು ಸೆಂ.ಮೀ.ಗೆ 425 ಕಿ.ಮೀ. ಹೊಲಿಗೆ ನೂಲಿನ ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಟೋಕಿಯೊ ತನಕ ಬಿಗಿಯಾಗಿ ಎಳೆಯಿರಿ. ನೂಲು ತಾನಾಗಿ ಜಾರಿ ಹತ್ತಿರದ ದಾರಿಯಲ್ಲಿ ಕೂರುತ್ತದೆ: ಆಂಧ್ರದ ಕರಾವಳಿ, ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ. ಅಳತೆ 15.8 ಸೆಂ.ಮೀ. ಬರಬೇಕು. ಅರ್ಧ ಸೆಂ.ಮೀ. ಸಡಿಲಾದರೆ 200 ಕಿ.ಮೀ. ಹೆಚ್ಚು ತೋರಿಸುತ್ತದೆ. ಗೋಡೆಯ ಭೂಪಟದಲ್ಲಿ ಸ್ಕೇಲಿಟ್ಟು ಅಳೆಯಬೇಡಿ. ಉತ್ತರಕ್ಕೆ ಹೋದಂತೆ ಅದರ ಅಳತೆಯೇ ಬದಲಾಗುತ್ತದೆ. ಭೂಪಟದ ನೇರ ಗೆರೆ ಹಿಡಿದೇ ಹಾರಿದರೂ ಈ ದಾರಿಯಲ್ಲಿ ಹೆಚ್ಚಾಗುವುದು 65 ಕಿ.ಮೀ. ಮಾತ್ರ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದ್ದು ಗಾಳಿಗೆ. ಪೂರ್ವ ಏಷ್ಯಾದ ಮೇಲೆ ಚಳಿಗಾಲದಲ್ಲಿ ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಸುಗಾಳಿ, ಅಂದರೆ ಜೆಟ್ ಸ್ಟ್ರೀಮ್, ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ಮೀರುತ್ತದೆ. ದಾರಿಯುದ್ದಕ್ಕೂ ಅಷ್ಟೇ ಬೀಸುವುದಿಲ್ಲ. ಸರಾಸರಿ 100 ಎಂದಿಟ್ಟುಕೊಳ್ಳೋಣ. ವಿಮಾನದ ವೇಗ 900. ಗಾಳಿಯಿಲ್ಲದೆ 7 ಗಂಟೆ 27 ನಿಮಿಷ. ಹೋಗುವಾಗ ಗಾಳಿ ಬೆನ್ನಿಗೆ, ವೇಗ 1,000, ಹಾರಾಟ 6 ಗಂಟೆ 42 ನಿಮಿಷ. ಬರುವಾಗ ಎದುರುಗಾಳಿ, ವೇಗ 800, ಹಾರಾಟ 8 ಗಂಟೆ 22 ನಿಮಿಷ. ಹೋಗುವಾಗ ಉಳಿದದ್ದು 45 ನಿಮಿಷ, ಬರುವಾಗ ಕಳೆದದ್ದು 55. ಎರಡೂ ಸರಿಹೋಗುತ್ತವೆ ಅನ್ನುವುದು ಸುಳ್ಳು, ಯಾಕೆಂದರೆ ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುತ್ತದೆ. ಇದರ ಮೇಲೆ ರನ್‌ವೇ ತನಕ ಉರುಳುವುದು, ಏರುವುದು, ಇಳಿಯಲು ಸರದಿ ಕಾಯುವುದು, ವಾಯುಮಾರ್ಗದ ಸುತ್ತುಬಳಸು. ಹೋಗಲು ಎಂಟು ಗಂಟೆ, ಬರಲು ಹತ್ತರ ಹತ್ತಿರ ಎಂದು ಹಿಡಿದುಕೊಳ್ಳಿ. ದೂರವನ್ನು 900ರಿಂದ ಭಾಗಿಸಿ ಒಂದೇ ಉತ್ತರ ಕೊಡುವ ಕ್ಯಾಲ್ಕುಲೇಟರುಗಳಿಗೆ ಈ ಗಾಳಿಯ ಸುದ್ದಿಯೇ ಗೊತ್ತಿಲ್ಲ.

ಟಿಕೆಟ್ಟಿನ ಗಂಟೆಗಳು ಆಯಾ ಊರಿನವು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಸಂಜೆ 7ಕ್ಕೆ ಹೊರಟು ಮರುದಿನ ಬೆಳಿಗ್ಗೆ 6.30ಕ್ಕೆ ಇಳಿದರೆ ಗಡಿಯಾರದಲ್ಲಿ ಹನ್ನೊಂದೂವರೆ ಗಂಟೆ. ಮೂರೂವರೆ ಕಳೆಯಿರಿ, ಎಂಟು. ವಾಪಸ್ ಬರುವಾಗ ಕೂಡಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ.

ಇನ್ನು ಕಾಸರಗೋಡಿನಿಂದ ಬೆಂಗಳೂರು. ಸಂಜೆಯ ಕಣ್ಣೂರು–ಬೆಂಗಳೂರು ರೈಲು ಮರುದಿನ ಬೆಳಿಗ್ಗೆ ಮುಟ್ಟಿಸುತ್ತದೆ. ಸಂಜೆಯ ವಿಮಾನಕ್ಕೆ ಬೇಕಾದಷ್ಟು ಹೊತ್ತು. ಮಳೆಗಾಲದಲ್ಲಿ ಮಾತ್ರ ಒಂದು ದಿನ ಮೊದಲೇ ಹೊರಡಿ. 2024ರ ಜುಲೈಯಲ್ಲಿ ಈ ರೈಲು ದಾರಿಯ ಎಡಕುಮೇರಿ ಬಳಿ ಗುಡ್ಡ ಕುಸಿದು ಘಾಟಿಯ ಹಳಿ ಹಲವು ದಿನ ಮುಚ್ಚಿತ್ತು. ಬಜ್ಪೆಯಿಂದ ಹಾರುವುದಾದರೆ ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿರಲಿ. ಬೇರೆ ಬೇರೆಯಾದರೆ ಬೆಂಗಳೂರಿನಲ್ಲಿ ಪೆಟ್ಟಿಗೆ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಮೊದಲನೆಯದು ತಡವಾದರೆ ಎರಡನೆಯದು ಕಾಯುವುದಿಲ್ಲ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಲ್ಲಿ. ಮಂಗಳೂರಿನ ವಿಮಾನ ಟರ್ಮಿನಲ್ 1ರಲ್ಲಿ ಇಳಿಸಿದರೆ ಹೊರಗೆ ಬಂದು ಶಟಲ್ ಬಸ್ ಹಿಡಿಯಬೇಕು. ನಡುವೆ ನಾಲ್ಕು ಗಂಟೆಗಿಂತ ಕಡಿಮೆ ಬಿಡಬೇಡಿ.