ಬಾಡಿಗೆದಾರರು ಒಡೆಯರಾದ ದಾರಿ

ಘಾನಾಕ್ಕೆ ಹೋದವರಲ್ಲಿ ಹೆಚ್ಚಿನವರು ಕರಾವಳಿಯ ಕೋಟೆಗಳನ್ನು ನೋಡಿ ಅಕ್ರಾಕ್ಕೆ ಮರಳುತ್ತಾರೆ. ವಸಾಹತಿನ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಅಸಾಂಟೆ ಅರಸರ ರಾಜಧಾನಿಯಾಗಿದ್ದ ಒಳನಾಡಿನ ಕುಮಾಸಿಗೂ ಹೋಗಬೇಕು.

ಮೊದಲು ಕರಾವಳಿಯ ಊರು ಎಲ್ಮಿನಾ. ಕೋಟೆಗೆ ನೇರ ನುಗ್ಗದೆ ಎದುರಿನ ಸೇಂಟ್ ಯಾಗೋ ಗುಡ್ಡ ಹತ್ತಿ. 1482ರಲ್ಲಿ ಪೋರ್ಚುಗೀಸರು ಕಟ್ಟಲು ತೊಡಗಿದ ಕೋಟೆ ಅಲ್ಲಿಂದ ಕಾಲಡಿಯಲ್ಲೇ ಕಾಣುತ್ತದೆ. 1637ರಲ್ಲಿ ಡಚ್ಚರು ಇಲ್ಲಿಗೇ ಫಿರಂಗಿ ಏರಿಸಿ ಕೋಟೆ ಗೆದ್ದರು. ತಮಗೂ ಅದೇ ಗತಿ ಆಗದಿರಲೆಂದು ಆಮೇಲೆ ಗುಡ್ಡದ ಮೇಲೂ ಒಂದು ಕೋಟೆ ಕಟ್ಟಿಕೊಂಡರು.

ಗುಲಾಮರನ್ನು ತುಂಬುತ್ತಿದ್ದ ನೆಲಮಾಳಿಗೆಗಳನ್ನು ಗೈಡ್ ತೋರಿಸಿಯೇ ತೋರಿಸುತ್ತಾರೆ. ಬಾಡಿಗೆಯ ವಿಷಯ ಮಾತ್ರ ನೀವೇ ಕೇಳಬೇಕಾದೀತು. ಎಲ್ಮಿನಾ ಕೋಟೆಯ ಲೆಕ್ಕದಲ್ಲಿ ಡಚ್ಚರು ಒಳನಾಡಿನ ಡೆಂಕ್ಯಿರಾ ರಾಜ್ಯಕ್ಕೆ ತಿಂಗಳಿಗೆ ಎರಡು ಔನ್ಸ್ ಚಿನ್ನ ಕೊಡುತ್ತಿದ್ದರು. 1701ರಲ್ಲಿ ಡೆಂಕ್ಯಿರಾವನ್ನು ಸೋಲಿಸಿದ ಮೇಲೆ ಆ ಹಕ್ಕು ಅಸಾಂಟೆ ಅರಸರ ಪಾಲಾಯಿತು. ಅಸಾಂಟೆಯವರಿಗೆ ಅದು ಬಾಡಿಗೆ, ಡಚ್ಚರ ಮಾತಿನಲ್ಲಿ ಬರೀ ಕಾಣಿಕೆ. 1872ರಲ್ಲಿ ಡಚ್ಚರು ಕೋಟೆಯನ್ನು ಬ್ರಿಟಿಷರಿಗೆ ಒಪ್ಪಿಸಿದಾಗ ಈ ತಕರಾರು ಬ್ರಿಟಿಷರಿಗೂ ಅಸಾಂಟೆಯವರಿಗೂ ನಡೆದ ಯುದ್ಧಕ್ಕೆ ಒಂದು ಕಾರಣವಾಯಿತು.

ಕೇಪ್ ಕೋಸ್ಟ್‌ನಿಂದ ಕುಮಾಸಿಗೆ ಸುಮಾರು 220 ಕಿ.ಮೀ. ಟ್ರೋಟ್ರೋ ವ್ಯಾನ್ ಸೀಟು ತುಂಬದೆ ಹೊರಡುವುದಿಲ್ಲ, ಬೆಳಿಗ್ಗೆ ಬೇಗ ಸ್ಟೇಷನ್ನಿಗೆ ಹೋಗಿ. ಅಸಿನ್ ಪ್ರಾಸೋದಲ್ಲಿ ರಸ್ತೆ ಪ್ರಾ ನದಿ ದಾಟುತ್ತದೆ. ಆ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ವುಲ್ಸ್‌ಲಿಯ ಸೈನ್ಯವೂ ಇಲ್ಲೇ ನದಿ ದಾಟಿ, 1874ರ ಫೆಬ್ರವರಿಯಲ್ಲಿ ಕುಮಾಸಿಯನ್ನು ಸುಟ್ಟು, ಅರಮನೆಯನ್ನು ಸಿಡಿಸಿ ಮರಳಿತು. ಅದರ ಮೇಲೆ ಬ್ರಿಟಿಷರು ಕೇಳಿದ ದಂಡ 50,000 ಔನ್ಸ್ ಚಿನ್ನ! ತಿಂಗಳಿಗೆ ಎರಡರ ಲೆಕ್ಕದಲ್ಲಿ ಇದು ಎರಡು ಸಾವಿರ ವರ್ಷದ ಬಾಡಿಗೆ.

1896ರಲ್ಲಿ ಬ್ರಿಟಿಷರು ಅಸಾಂಟೆ ದೊರೆ ಪ್ರೆಂಪೆಯನ್ನು ಹಿಡಿದು ಮೊದಲು ಕೂಡಿಟ್ಟದ್ದು ಅದೇ ಎಲ್ಮಿನಾ ಕೋಟೆಯಲ್ಲಿ. ಆ ಕೋಣೆಯನ್ನು ನೋಡಲು ಮರೆಯಬೇಡಿ. ಅಲ್ಲಿಂದ ಸಿಯೆರಾ ಲಿಯೋನ್, 1900ರಲ್ಲಿ ಸೇಶೆಲ್ಸ್. ಅದೇ ವರ್ಷ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್, ತಾನು ಕೂರಲು ಅಸಾಂಟೆಯವರ ಪವಿತ್ರ ಚಿನ್ನದ ಪೀಠ ತರಿಸಿ ಎಂದು ಕುಮಾಸಿಯಲ್ಲಿ ಕೇಳಿದ. ಅರಸನೇ ಕೂರದ ಪೀಠವದು. ಎಜಿಸು ಊರಿನ ರಾಜಮಾತೆ ಯಾ ಅಸಾಂಟೆವಾ ದಂಡು ಕಟ್ಟಿದಳು, ಹಾಡ್ಜ್‌ಸನ್ ಕುಮಾಸಿಯ ಕೋಟೆಯೊಳಗೆ ಸಿಕ್ಕಿಬಿದ್ದ. ಆ ಕೋಟೆ ಈಗ ಸೇನಾ ವಸ್ತುಸಂಗ್ರಹಾಲಯ. ಯುದ್ಧ ಸೋತರೂ ಪೀಠ ಬ್ರಿಟಿಷರ ಕೈಗೆ ಸಿಗಲಿಲ್ಲ.

ಲೂಟಿಯಾದ ಒಡವೆಗಳಲ್ಲಿ ಕೆಲವು ಕುಮಾಸಿಯ ಮ್ಯಾನ್ಹಿಯಾ ಅರಮನೆಯ ವಸ್ತುಸಂಗ್ರಹಾಲಯಕ್ಕೆ 2024ರಲ್ಲಿ ಲಂಡನ್ನಿನಿಂದ ಬಂದವು, ಅದೂ ಎರವಲಾಗಿ. ಅರಸರ ದರ್ಬಾರು ನೋಡಬೇಕಾದರೆ 42 ದಿನಕ್ಕೊಮ್ಮೆ ಬರುವ ಅಕ್ವಾಸಿಡೆ ಹಬ್ಬದ ಭಾನುವಾರಕ್ಕೆ ಟಿಕೆಟ್ ಹೊಂದಿಸಿಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿ. ಕಾರ್ಡ್ ಇಲ್ಲದೆ ಭಾರತಕ್ಕೆ ಮರಳಿದರೆ ಕ್ವಾರಂಟೈನ್ ಆಗಬೇಕಾದೀತು.