ಬೆಳಗಾವಿಯಿಂದ ಸಿಂಗಾಪುರ, ಮಲಕ್ಕಾ, ಕೌಲಾಲಂಪುರ: ಮೊದಲ ಪರದೇಶ ಪ್ರವಾಸದ ಆರು ರಾತ್ರಿ

ಮೊದಲ ಸಲ ಪರದೇಶಕ್ಕೆ ಹೊರಟವರ ಪಟ್ಟಿಯಲ್ಲಿ ಊರು ಜಾಸ್ತಿ, ದಿನ ಕಮ್ಮಿ. ಒಂದೇ ವಾರದಲ್ಲಿ ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್, ಸಾಧ್ಯವಾದರೆ ಬಾಲಿಯೂ ಆಗಲಿ ಎಂಬ ಆಸೆ. ಇಂಥ ಪಟ್ಟಿ ಕೆಡುವುದು ಒಂದು ಊರಿಂದ ಇನ್ನೊಂದಕ್ಕೆ ಸಾಗುವ ಹೊತ್ತಿನಲ್ಲಿ. ರೂಮು ಖಾಲಿ ಮಾಡಿ, ಬಸ್ಸು ಹಿಡಿದು, ಗಡಿ ದಾಟಿ, ಹೊಸ ಊರಲ್ಲಿ ರೂಮು ಸೇರಿ ಕೈಕಾಲು ತೊಳೆಯುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ವಿಮಾನದಲ್ಲಾದರೆ ಮುಕ್ಕಾಲು ದಿನ. ಅದಕ್ಕೇ ಆರು ರಾತ್ರಿಗೆ ಮೂರು ಊರು ಸಾಕು: ಸಿಂಗಾಪುರ ಎರಡು, ಮಲೇಷ್ಯಾದ ಮಲಕ್ಕಾ ಎರಡು, ಕೌಲಾಲಂಪುರ ಎರಡು. ಮೂರೂ ಒಂದೇ ರಸ್ತೆಯ ಮೇಲಿವೆ. ನಡುವೆ ವಿಮಾನ ಹತ್ತುವ ಕೆಲಸವಿಲ್ಲ.

ಟಿಕೆಟ್ ಕೂಡ ಆ ರಸ್ತೆಗೆ ಹೊಂದುವಂತೆ ತೆಗೆಯಬೇಕು. ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೋಗಿ, ಬರುವಾಗ ಕೌಲಾಲಂಪುರದಿಂದ ನೇರ ಬೆಂಗಳೂರಿಗೆ. ಬುಕಿಂಗ್ ಮಾಡುವಾಗ ರೌಂಡ್ ಟ್ರಿಪ್ ಬಿಟ್ಟು ಮಲ್ಟಿ-ಸಿಟಿ ಆರಿಸಿದರೆ ಇದು ಸಿಗುತ್ತದೆ. ಎರಡು ಬೇರೆ ಕಂಪನಿಗಳ ಒನ್-ವೇ ಟಿಕೆಟ್ ಕೂಡಿಸಿದರೆ ಎಷ್ಟಾಗುತ್ತದೆ ಎಂದೂ ನೋಡಿ. ಸಿಂಗಾಪುರಕ್ಕೇ ಮರಳಿ ಬಂದು ವಿಮಾನ ಹತ್ತುವ ಟಿಕೆಟ್ ಒಂದೆರಡು ಸಾವಿರ ಸೋವಿ ಕಂಡರೂ ಅದು ಒಂದು ಇಡೀ ದಿನವನ್ನೂ ಬಸ್ಸಿನ ಖರ್ಚನ್ನೂ ತಿನ್ನುತ್ತದೆ.

ಇನ್ನು ಕ್ಯಾಲೆಂಡರ್. ಇಲ್ಲಿ ವಾರದ ದಿನಗಳು ತಾರೀಖಿಗಿಂತ ಮುಖ್ಯ. ಮಲಕ್ಕಾದ ಜೊಂಕರ್ ಬೀದಿಯ ರಾತ್ರಿ ಸಂತೆ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ. ಸಿಂಗಾಪುರದಿಂದ ಮಲೇಷ್ಯಾಕ್ಕೆ ಹೋಗುವ ಸೇತುವೆಯ ಮೇಲೆ ಶುಕ್ರವಾರ ಸಂಜೆ ಮತ್ತು ಶನಿವಾರ ಬೆಳಿಗ್ಗೆ ಗಂಟೆಗಟ್ಟಲೆ ವಾಹನ ನಿಲ್ಲುತ್ತವೆ. ಕೌಲಾಲಂಪುರದ ಪೆಟ್ರೊನಾಸ್ ಅವಳಿ ಗೋಪುರಕ್ಕೆ ಸೋಮವಾರ ರಜೆ. ಈ ಮೂರನ್ನೂ ಮುಂದಿಟ್ಟುಕೊಂಡರೆ ಪ್ರವಾಸ ತಾನಾಗಿಯೇ ಕೂತುಕೊಳ್ಳುತ್ತದೆ: ಸೋಮವಾರ ರಾತ್ರಿ ಊರಿಂದ ರೈಲು, ಮಂಗಳವಾರ ತಡರಾತ್ರಿ ಬೆಂಗಳೂರಿನಿಂದ ವಿಮಾನ, ಬುಧವಾರ ಮತ್ತು ಗುರುವಾರ ಸಿಂಗಾಪುರ, ಶುಕ್ರವಾರ ಬೆಳಿಗ್ಗೆ ಬೇಗ ಮಲಕ್ಕಾಕ್ಕೆ ಬಸ್ಸು, ಭಾನುವಾರ ಮುಂಜಾನೆ ಕೌಲಾಲಂಪುರ, ಮುಂದಿನ ಮಂಗಳವಾರ ಸಂಜೆ ವಾಪಸ್. ಚೀನೀ ಹೊಸ ವರ್ಷ ಮತ್ತು ರಂಜಾನ್ ಹಬ್ಬದ ವಾರಗಳನ್ನು ಬಿಡಿ. ಆಗ ಗಡಿಯೂ ತುಂಬಿರುತ್ತದೆ, ಬಸ್ಸೂ ತುಂಬಿರುತ್ತದೆ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಪರದೇಶಕ್ಕೆ ವಿಮಾನವಿಲ್ಲ. ಬೆಳಗಾವಿಯಿಂದ ಬೆಂಗಳೂರಿಗೆ ವಿಮಾನದಲ್ಲೇ ಹೋಗುವುದಾದರೆ ಅದೇ ದಿನದ ಟಿಕೆಟ್ ನಂಬಬೇಡಿ. ಎರಡು ಟಿಕೆಟ್ ಬೇರೆ ಬೇರೆ ಇದ್ದಾಗ ಮೊದಲ ವಿಮಾನ ತಡವಾದರೆ ಎರಡನೆಯವರು ಕಾಯುವುದಿಲ್ಲ, ಹಣವನ್ನೂ ಕೊಡುವುದಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದವರು ಬೆಳಿಗ್ಗೆ ಯಶವಂತಪುರದಲ್ಲಿ ಇಳಿಯಬಹುದು. ಬಾಗಲಕೋಟೆ, ವಿಜಯಪುರದವರಿಗೆ ಗೋಲಗುಮ್ಮಟ ಎಕ್ಸ್‌ಪ್ರೆಸ್ ಇದೆ. ರೈಲು ಮೂರ್ನಾಲ್ಕು ತಾಸು ತಡವಾದರೂ ರಾತ್ರಿಯ ವಿಮಾನಕ್ಕೆ ತೊಂದರೆಯಾಗುವುದಿಲ್ಲ. ಆ ಬಿಡುವು ಬೇಕೇ ಬೇಕು.

ರಾತ್ರಿಯ ವಿಮಾನದಲ್ಲಿ ತಾರೀಖಿನ ತಪ್ಪು ಬಹಳ ಜನಕ್ಕೆ ಆಗುತ್ತದೆ. ಟಿಕೆಟ್‌ನಲ್ಲಿ 14ನೇ ತಾರೀಖು 00:30 ಎಂದಿದ್ದರೆ ನೀವು ನಿಲ್ದಾಣದಲ್ಲಿ ಇರಬೇಕಾದದ್ದು 13ರ ರಾತ್ರಿ ಒಂಬತ್ತೂವರೆಗೆ. 14ರ ರಾತ್ರಿ ಹೋದವರಿಗೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಸಿಂಗಾಪುರದ ರೂಮನ್ನು ಮಾತ್ರ 14ರಿಂದ ಬುಕ್ ಮಾಡಬೇಕು.

ಕಾಗದಪತ್ರದಲ್ಲಿ ನಮ್ಮ ಭಾಗದವರಿಗೆ ಬರುವ ದೊಡ್ಡ ತೊಡಕು ಹೆಸರಿನದು. ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗ ಆಧಾರ್‌ನಲ್ಲಿ ಒಂದೇ ಸಾಲಿನಲ್ಲಿರುತ್ತವೆ. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು ಬರುತ್ತದೆ. ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಬರೀ ಒಂದು ಅಕ್ಷರವಾಗಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳದ್ದು ಒಂದು ಕಡೆ ತವರಿನ ಅಡ್ಡಹೆಸರು, ಇನ್ನೊಂದು ಕಡೆ ಗಂಡನ ಮನೆಯದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅಡ್ಡಹೆಸರನ್ನು ಸರ್‌ನೇಮ್ ಅಂಕಣದಲ್ಲಿ, ಉಳಿದೆರಡನ್ನು ಗಿವನ್ ನೇಮ್ ಅಂಕಣದಲ್ಲಿ ಹಾಕಿ. ಸರ್‌ನೇಮ್ ಖಾಲಿ ಬಿಟ್ಟರೆ ಮುಂದೆ ಪ್ರತಿ ವಿಮಾನ ಟಿಕೆಟ್‌ಗೂ ಕಷ್ಟ, ಒಂದೊಂದು ಕಂಪನಿ ಒಂದೊಂದು ರೀತಿ ತುಂಬಿಸಲು ಹೇಳುತ್ತದೆ. ಟಿಕೆಟ್, ವೀಸಾ ಎಲ್ಲವೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಅಕ್ಷರ ಅಕ್ಷರ. ಹುಟ್ಟಿದ ಊರಿನದೂ ಇದೇ ಮಾತು. 2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರಗಳ ಹೆಸರು ಅಧಿಕೃತವಾಗಿ ಬದಲಾದವು. ಹಳೆಯ ಪಾಸ್‌ಪೋರ್ಟಿನಲ್ಲಿ ಬೆಲ್ಗಾಂ, ಬಿಜಾಪುರ ಎಂದೇ ಇದ್ದರೆ ವೀಸಾ ಅರ್ಜಿಯಲ್ಲೂ ಹಾಗೇ ಬರೆಯಿರಿ.

ಪಾಸ್‌ಪೋರ್ಟ್ ಇಲ್ಲದವರು ಆನ್‌ಲೈನ್ ಅರ್ಜಿ ತುಂಬಿ, 1500 ರೂಪಾಯಿ ಕಟ್ಟಿ, ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲೋ ಬೆಳಗಾವಿಯ ಅಂಚೆ ಕಚೇರಿ ಕೇಂದ್ರದಲ್ಲೋ ದಿನ ಗೊತ್ತುಮಾಡಿಕೊಳ್ಳಬಹುದು. ತತ್ಕಾಲ್‌ಗೆ 2000 ಹೆಚ್ಚು. ಪೊಲೀಸರು ವಿಚಾರಣೆಗೆ ಬಂದಾಗ ಮನೆಗೆ ಬೀಗ ಇದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಹೊಲದ ಮನೆ ಒಂದು, ಊರ ಮನೆ ಒಂದು ಇದ್ದವರು ಇದನ್ನು ನೆನಪಿಡಬೇಕು. ಹಳೆಯ ಪಾಸ್‌ಪೋರ್ಟ್ ಇದ್ದರೆ ಪ್ರವಾಸದ ದಿನದಿಂದ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿಗೆ ಇ.ಸಿ.ಆರ್. (ದೇಶ ಬಿಡುವ ಮುನ್ನ ಸರ್ಕಾರದ ತಪಾಸಣೆ ಬೇಕು) ಎಂಬ ಗುರುತು ಬೀಳುತ್ತದೆ, ಮಲೇಷ್ಯಾ ಆ ತಪಾಸಣೆ ಬೇಕಾದ ದೇಶಗಳ ಪಟ್ಟಿಯಲ್ಲಿದೆ. ಆ ನಿಯಮ ದುಡಿಯಲು ಹೋಗುವವರಿಗೆ, ಪ್ರವಾಸಕ್ಕೆ ತಡೆಯಿಲ್ಲ. ಆದರೂ ಬೆಂಗಳೂರಿನ ಇಮಿಗ್ರೇಶನ್‌ನಲ್ಲಿ ಪ್ರಶ್ನೆ ಬರುತ್ತವೆ. ಅಂಥವರ ಕೈಯಲ್ಲಿ ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಎರಡೂ ಕಾಗದದ ಮೇಲೇ ಇರಲಿ. 50 ದಾಟಿದವರಿಗೆ ಈ ಗುರುತಿನಿಂದ ವಿನಾಯಿತಿ ಇದೆ.

ಸಿಂಗಾಪುರಕ್ಕೆ ಭಾರತೀಯರಿಗೆ ವೀಸಾ ಬೇಕು. ರಾಯಭಾರ ಕಚೇರಿ ಒಪ್ಪಿದ ಏಜೆಂಟರ ಮೂಲಕ ಅರ್ಜಿ ಹೋಗುತ್ತದೆ, ಶುಲ್ಕ 30 ಸಿಂಗಾಪುರ ಡಾಲರ್, ಅದರ ಮೇಲೆ ಏಜೆಂಟರ ಕಮಿಷನ್. ಫೋಟೊ 35×45 ಮಿಲಿಮೀಟರ್, ಬಿಳಿ ಹಿನ್ನೆಲೆ. ಊರಿನ ಸ್ಟುಡಿಯೊದವರು ರೂಢಿಯಂತೆ ನೀಲಿ ಹಿನ್ನೆಲೆ ಹಾಕಿಬಿಡುತ್ತಾರೆ, ಮೊದಲೇ ಹೇಳಿ. ಮಲೇಷ್ಯಾಕ್ಕೆ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನ ವೀಸಾ ಬೇಡ. ಈ ವಿನಾಯಿತಿಯನ್ನು ಅವಧಿ ಹಾಕಿ ವಿಸ್ತರಿಸುತ್ತ ಬಂದಿದ್ದಾರೆ, ಹಾಗಾಗಿ ಟಿಕೆಟ್ ತೆಗೆಯುವ ದಿನ ಒಮ್ಮೆ ಸರ್ಕಾರಿ ತಾಣದಲ್ಲಿ ನೋಡಿಕೊಳ್ಳಿ. ಎರಡೂ ದೇಶಗಳಿಗೆ ಆಗಮನ ಕಾರ್ಡನ್ನು ಆನ್‌ಲೈನ್‌ನಲ್ಲಿ, ಮುಟ್ಟುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಎರಡೂ ಪುಕ್ಕಟೆ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ. ಮಲೇಷ್ಯಾದ ಕಾರ್ಡಿನ ದಿನ ಬೇರೆ, ಸಿಂಗಾಪುರದ್ದು ಬೇರೆ. ಮಲಕ್ಕಾಕ್ಕೆ ಶುಕ್ರವಾರ ಹೋಗುವವರು ಸಿಂಗಾಪುರದಲ್ಲಿ ಕೂತು ಬುಧವಾರ ರಾತ್ರಿ ತುಂಬಿದರಾಯಿತು. ಇಮೇಲ್ ಜಾಗದಲ್ಲಿ ನಿಮ್ಮದೇ ವಿಳಾಸ ಹಾಕಿ. ಸಿಂಗಾಪುರದವರು ಈಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ, ಎಷ್ಟು ದಿನ ಇರಬಹುದೆಂಬ ಪಾಸ್ ಇಮೇಲ್‌ಗೇ ಬರುತ್ತದೆ. ಏಜೆಂಟರು ತಮ್ಮ ಇಮೇಲ್ ಹಾಕಿದ್ದರೆ ಅದು ಅವರಿಗೆ ಹೋಗುತ್ತದೆ.

ಹಣಕ್ಕೆ ಎರಡು ಮಾತು. ಬ್ಯಾಂಕ್ ಕಾರ್ಡಿನಲ್ಲಿ ಪರದೇಶದ ಬಳಕೆ ಬಂದ್ ಆಗಿಯೇ ಬರುತ್ತದೆ, ಆ್ಯಪ್‌ನಲ್ಲಿ ಊರಲ್ಲಿದ್ದಾಗಲೇ ಚಾಲೂ ಮಾಡಿ. ಅಲ್ಲಿನ ಯಂತ್ರ 'ರೂಪಾಯಿಯಲ್ಲಿ ಕಡಿತ ಮಾಡಲೇ?' ಎಂದು ಕೇಳಿದರೆ ಬೇಡ ಎನ್ನಿ, ಅಲ್ಲಿಯ ಹಣದಲ್ಲೇ ಕಡಿತವಾಗಲಿ. ರೂಪಾಯಿ ಎಂದರೆ ಅಂಗಡಿಯ ಕಡೆಯವರ ದರ ಬೀಳುತ್ತದೆ, ಅದು ತುಟ್ಟಿ. ಮಲಕ್ಕಾದ ಸಂತೆಗೆ, ಬಸ್ಸಿಗೆ ಸ್ವಲ್ಪ ರಿಂಗಿಟ್ (ಮಲೇಷ್ಯಾದ ಹಣ) ನಗದು ಇರಲಿ. ಮಲೇಷ್ಯಾದ ಹೋಟೆಲ್‌ಗಳಲ್ಲಿ ಪರದೇಶಿಯರಿಗೆ ರೂಮಿಗೆ ದಿನಕ್ಕೆ 10 ರಿಂಗಿಟ್ ಪ್ರವಾಸಿ ತೆರಿಗೆ ಇದೆ, ಬುಕಿಂಗ್ ಹಣ ಮೊದಲೇ ಕೊಟ್ಟಿದ್ದರೂ ಇದನ್ನು ಕೌಂಟರಿನಲ್ಲಿ ಕೇಳುತ್ತಾರೆ.

ಚೀಲ ತುಂಬುವಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಧಾರಾಳವಾಗಿ ಒಯ್ಯಿರಿ. ಪುಡಿ ಚಟ್ನಿ ಬಿಗಿಯಾಗಿ ಕಟ್ಟಿ ದೊಡ್ಡ ಬ್ಯಾಗಿನಲ್ಲಿಡಿ. ಉಪ್ಪಿನಕಾಯಿಯೂ ಅಲ್ಲೇ, ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಎಚ್ಚರ ಬೇಕಾದದ್ದು ಕರದಂಟಿಗೆ. ಅಮೀನಗಡದ್ದಾಗಲಿ ಗೋಕಾಕದ್ದಾಗಲಿ, ಕೆಲವರು ಅದಕ್ಕೆ ಗಸಗಸೆ ಹಾಕುತ್ತಾರೆ. ಗಸಗಸೆ ಸಿಂಗಾಪುರದಲ್ಲಿ ನಿಷಿದ್ಧ, ಮಾದಕ ವಸ್ತು ವಿಭಾಗ ನೋಡಿಕೊಳ್ಳುವ ಸರಕು. ಮಸಾಲೆ ಪುಡಿಯಲ್ಲೂ ಅದು ಇರಬಹುದು. ಗುಟ್ಕಾ, ಜಗಿಯುವ ತಂಬಾಕು ಕೂಡ ಅಲ್ಲಿ ನಿಷಿದ್ಧ, ಚ್ಯೂಯಿಂಗ್ ಗಮ್ಮೂ ಬೇಡ. ಕಾಕಾ, ಮಾಮಾ ಜೊತೆಗಿದ್ದರೆ ಅವರ ಅಂಗಿಯ ಜೇಬು, ಅಡಕಿ ಚೀಲ ಮನೆಯಲ್ಲೇ ನೋಡಿ. ಕುಂದಾ ಹಾಲಿನದು, ಆ ಸೆಖೆಗೆ ತಡೆಯುವುದಿಲ್ಲ. ಒಣ ಕೊಬ್ಬರಿ ಬಟ್ಟಲು ಎಣ್ಣೆಯಿಂದ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನಕ್ಕೆ ಬಿಡುವುದಿಲ್ಲ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಎರಡೂ ದೇಶಗಳ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿ. ಅಡಾಪ್ಟರ್ ಒಂದು ಸಾಕು.

ಸಿಂಗಾಪುರ ಗಡಿಯಾರದಲ್ಲಿ ನಮಗಿಂತ ಎರಡೂವರೆ ತಾಸು ಮುಂದೆ. ಬೆಳಿಗ್ಗೆ ಇಳಿದಾಗ ರೂಮು ಸಿಗುವುದಿಲ್ಲ, ಮಧ್ಯಾಹ್ನ ಎರಡು ಮೂರಕ್ಕೆ ಕೊಡುತ್ತಾರೆ. ಚೀಲ ಕೌಂಟರಿನಲ್ಲಿ ಬಿಟ್ಟು ಹೊರಡಿ. ಲಿಟ್ಲ್ ಇಂಡಿಯಾದ ಸೆರಂಗೂನ್ ರಸ್ತೆಯ ಸುತ್ತ ಉಳಿದರೆ ಸಸ್ಯಾಹಾರಕ್ಕೆ ಅಲೆಯಬೇಕಿಲ್ಲ. ಗಾರ್ಡನ್ಸ್ ಬೈ ದ ಬೇಯ ಹೊರಗಿನ ತೋಟ ಪುಕ್ಕಟೆ, ರಾತ್ರಿ 7:45 ಮತ್ತು 8:45ರ ಬೆಳಕಿನ ಆಟವೂ ಪುಕ್ಕಟೆ. ಮೊದಲ ಸಂಜೆಗೆ ಅದೇ ಸಾಕು. ಮೆಟ್ರೊದಲ್ಲಿ ನೀರು ಕುಡಿದರೂ ದಂಡ.

ಈ ಪ್ರವಾಸದ ಗಟ್ಟಿ ಪರೀಕ್ಷೆ ಶುಕ್ರವಾರದ ಗಡಿ. 1924ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಕಾಸ್‌ವೇ ಎಂಬ ಗಡಿ ಸೇತುವೆ ಒಂದು ಕಿಲೋಮೀಟರಿನಷ್ಟೇ ಉದ್ದ, ಅದನ್ನು ದಾಟಲು ಎರಡು ಸಲ ಬಸ್ಸಿನಿಂದ ಇಳಿಯಬೇಕು. ಸಿಂಗಾಪುರದ ಕಡೆ ಪಾಸ್‌ಪೋರ್ಟ್ ಹಿಡಿದು ಇಳಿದು, ನಿರ್ಗಮನ ಮುಗಿಸಿ, ಆ ಬದಿಯಲ್ಲಿ ಮತ್ತೆ ಬಸ್ಸು ಹತ್ತುವುದು. ಮಲೇಷ್ಯಾದ ಜೊಹೊರ್ ಕಡೆ ಎಲ್ಲ ಚೀಲಗಳನ್ನೂ ಇಳಿಸಿಕೊಂಡು ಹೋಗಿ, ಮಲೇಷ್ಯಾದ ಮುದ್ರೆ ಹಾಕಿಸಿ, ಚೀಲ ಸ್ಕ್ಯಾನ್ ಮಾಡಿಸಿ ಮತ್ತೆ ಹತ್ತುವುದು. ಬಸ್ಸು ಒಂದಿಷ್ಟು ಹೊತ್ತು ಮಾತ್ರ ಕಾಯುತ್ತದೆ. ಇಳಿಯುವ ಮುಂಚೆ ಅದರ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ, ಟಿಕೆಟ್ ಕೈಯಲ್ಲಿರಲಿ; ಬಿಟ್ಟು ಹೋದರೆ ಅದೇ ಕಂಪನಿಯ ಮುಂದಿನ ಬಸ್ಸಿನವರನ್ನು ಕೇಳಬಹುದು. ತಪ್ಪುವುದು ಹೆಚ್ಚಾಗಿ ಆಗಮನ ಕಾರ್ಡ್ ತುಂಬದೆ ಅಲ್ಲೇ ಮೊಬೈಲ್ ಹಿಡಿದು ನಿಂತವರಿಗೆ. ಎಲ್ಲ ಸೇರಿ ಮಲಕ್ಕಾಕ್ಕೆ ನಾಲ್ಕೈದು ತಾಸು ಹಿಡಿಯಿರಿ. ಬಸ್ಸು ನಿಲ್ಲುವ ಮಲಕ್ಕಾ ಸೆಂಟ್ರಲ್‌ನಿಂದ ಹಳೆಯ ಊರು ನಾಲ್ಕೈದು ಕಿಲೋಮೀಟರ್, ಊರ ಬಸ್ಸು ಕೆಂಪು ಚರ್ಚಿನ ಮುಂದೆ ಬಿಡುತ್ತದೆ.

ಹೆಚ್ಚಿನವರು ಮಲಕ್ಕಾಕ್ಕೆ ಅರ್ಧ ದಿನ ಕೊಟ್ಟು ಮುಂದೆ ಹೋಗುತ್ತಾರೆ. ವಿಜಯಪುರದ ಕಡೆಯವರು ಹಾಗೆ ಮಾಡಬಾರದು. 1510ರಲ್ಲಿ ಆದಿಲಶಾಹಿಗಳ ಕೈಯಿಂದ ಗೋವಾ ಕಿತ್ತುಕೊಂಡ ಪೋರ್ಚುಗೀಸ್ ಅಲ್ಬುಕರ್ಕ್ ಮರುವರ್ಷ, 1511ರಲ್ಲಿ, ಹಡಗು ತಿರುಗಿಸಿ ಗೆದ್ದದ್ದು ಇದೇ ಊರನ್ನು. ಅವನು ಕಟ್ಟಿಸಿದ ಕೋಟೆಯಲ್ಲಿ ಉಳಿದಿರುವುದು ಒಂದು ಬಾಗಿಲು ಮಾತ್ರ. 1641ರಲ್ಲಿ ಡಚ್ಚರು ಬಂದರು, ಕೆಂಪು ಚರ್ಚು 1753ರದ್ದು. ಅಲ್ಲಿಂದ ಹೊಳೆ ದಾಟಿದರೆ ಒಂದೇ ಬೀದಿಯ ಸಾಲಿನಲ್ಲಿ ಮಸೀದಿ, ಚೀನೀ ಗುಡಿ, ಮತ್ತು 1781ರ ಪೊಯ್ಯಾದ ವಿನಾಯಗರ್ ಗುಡಿ. ಎಲ್ಲವೂ ನಡಿಗೆಯ ದೂರ. ಬೆಳಿಗ್ಗೆ ಏಳರಿಂದ ಹತ್ತರೊಳಗೆ ನೋಡಿ, ಆಮೇಲೆ ಬಿಸಿಲು ಬಿಡುವುದಿಲ್ಲ.

ಊಟದಲ್ಲಿ ಇಲ್ಲಿಂದ ಮುಂದೆ ಜಾಗ್ರತೆ ಬೇಕು. ಸಾಂಬಾಲ್ ಎಂಬ ಖಾರಕ್ಕೆ ಒಣ ಸಿಗಡಿಯ ಮುದ್ದೆ ಹಾಕುತ್ತಾರೆ, ನಾಸಿ ಲೆಮಾಕ್ ಅನ್ನದ ಜೊತೆ ಸಣ್ಣ ಒಣ ಮೀನು ಬರುತ್ತದೆ. ರೋಟಿ ಚಾನಾಯ್ ಹೆಚ್ಚು ಕಡಿಮೆ ನಮ್ಮ ಪರೋಟಾ; 'ತಾನ್‌ಪಾ ತೆಲುರ್' ಎಂದರೆ ಮೊಟ್ಟೆ ಬೇಡ ಎಂದು. ಜೊತೆಗೆ ಕೊಡುವ ಬೇಳೆಗೆ ಮೀನಿನ ಸಾರು ಬೆರೆಸಿದ್ದಾರೆಯೇ ಎಂದು ಕೇಳಿಯೇ ಹಾಕಿಸಿಕೊಳ್ಳಿ. ಕಟ್ಟಾ ಸಸ್ಯಾಹಾರಿಗಳಿಗೆ ಬಾಳೆಎಲೆ ಊಟದ ತಮಿಳು ಖಾನಾವಳಿ ಸುರಕ್ಷಿತ, ಬೌದ್ಧರ ಸಸ್ಯಾಹಾರಿ ಅಂಗಡಿಗಳೂ ಸರಿ.

ಕೌಲಾಲಂಪುರಕ್ಕೆ ಬಸ್ಸಿನಲ್ಲಿ ಎರಡು ತಾಸು. ಬಸ್ಸು ಟಿ.ಬಿ.ಎಸ್. ಎಂಬ ನಿಲ್ದಾಣಕ್ಕೆ ಬರುತ್ತದೆ, ಪಕ್ಕದಲ್ಲೇ ರೈಲು. ಸೋಮವಾರ ಮುರುಗನ್ ಗುಡಿ ಇರುವ ಬಟು ಗುಹೆಗೆ ಹೋಗಿ: ಕೆ.ಎಲ್. ಸೆಂಟ್ರಲ್‌ನಿಂದ ಕೊಮ್ಯೂಟರ್ ರೈಲು, 272 ಮೆಟ್ಟಿಲು, ಮೊಣಕಾಲು ಮುಚ್ಚುವ ಬಟ್ಟೆ. ಕೋತಿಗಳ ಕಾಟ ಬಹಳ, ಕೈಯಲ್ಲಿ ತಿನ್ನುವ ಪೊಟ್ಟಣ ಬೇಡ. ಮಂಗಳವಾರ ಬೆಳಿಗ್ಗೆ 452 ಮೀಟರಿನ ಅವಳಿ ಗೋಪುರ, ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ.

ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚೆ ಟರ್ಮಿನಲ್ ನೋಡಿಕೊಳ್ಳಿ. ಏರ್‌ಏಷ್ಯಾ ಎರಡನೆಯದರಿಂದ, ಮಲೇಷ್ಯಾ ಏರ್‌ಲೈನ್ಸ್ ಒಂದನೆಯದರಿಂದ. ತಪ್ಪಿ ಇಳಿದವರಿಗೆ ಎರಡರ ನಡುವೆ ಮೂರು ನಿಮಿಷದ ರೈಲಿದೆ, ಅದಕ್ಕಾಗಿ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಉಳಿದ ರಿಂಗಿಟ್ ನಾಣ್ಯಗಳನ್ನು ಅಲ್ಲೇ ಚಾಕ್ಕೆ ಖರ್ಚು ಮಾಡಿ, ಹಣ ಬದಲಿಸುವವರು ನೋಟು ಮಾತ್ರ ತೆಗೆದುಕೊಳ್ಳುತ್ತಾರೆ.