ಹೋಗಬಲ್ಲೆ, ಮರಳಬಲ್ಲೆನೇ? – ಬೇಕಲ ಕೋಟೆಯ ಮುಖ್ಯಪ್ರಾಣನ ಸನ್ನಿಧಿಯಲ್ಲಿ

ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಸೇತುವೆ ದಾಟಿ ಕರಾವಳಿಯ ರಸ್ತೆಯಲ್ಲಿ ತೆಂಕಣಕ್ಕೆ ಸುಮಾರು 16 ಕಿಲೋಮೀಟರ್ ಸಾಗಿದರೆ, ಸಮುದ್ರಕ್ಕೆ ಎದೆಯೊಡ್ಡಿ ನಿಂತ ಗುಡ್ಡದ ಮೇಲೆ ಬೇಕಲದ ಕೋಟೆಯಿದೆ. ಕೆಳದಿಯ ಶಿವಪ್ಪ ನಾಯಕನು 1650ರ ಸುಮಾರಿಗೆ ಮುರಕಲ್ಲಿನಲ್ಲಿ ಕಟ್ಟಿಸಿದನೆಂದು ಹೇಳುವ ಈ ಕೋಟೆ ನಲವತ್ತು ಎಕರೆಯಷ್ಟು ವಿಸ್ತಾರವಾದುದು. ನೋಡಲು ಬರುವವರಲ್ಲಿ ಹೆಚ್ಚಿನವರು ನೇರವಾಗಿ ಬುರುಜಿಗೆ ನಡೆಯುತ್ತಾರೆ. ಆದರೆ ಹೆಬ್ಬಾಗಿಲಿನ ಬಳಿಯಲ್ಲೇ ಆಂಜನೇಯನ ಗುಡಿಯಿದೆ. ನಮ್ಮ ಮನೆಯವರಿಗೆ ಬೇಕಲವೆಂದರೆ ಮೊದಲು ಆ ಮುಖ್ಯಪ್ರಾಣ ದೇವರು, ಆಮೇಲೆ ಕೋಟೆ, ಆಮೇಲೆ ಕಡಲು. ವೀರಶೈವ ಮತದ ಅರಸರು ಕಟ್ಟಿಸಿದ ಕೋಟೆಯ ಬಾಗಿಲಲ್ಲಿ ಹನುಮಂತನು ಕಾವಲಿಗಿರುವುದು ನನಗೆ ಯಾವಾಗಲೂ ಆಪ್ತವಾಗಿ ಕಾಣುತ್ತದೆ. ಕನ್ನಡ ನಾಡಿನಲ್ಲಿ ಕೋಟೆಯೆಂದ ಮೇಲೆ ಕೋಟೆ ಆಂಜನೇಯನೂ ಇರಬೇಕು ಎಂಬ ನಂಬಿಕೆ ಗಟ್ಟದಿಂದ ಇಳಿದು ಈ ಕಡಲಂಚಿನವರೆಗೂ ಬಂದಿದೆ.

ನಾವು ಅಲ್ಲಿಗೆ ಹೋದದ್ದು ಅಮ್ಮನ ಹರಕೆಗಾಗಿ. ಅಣ್ಣ ದುಬೈಯಲ್ಲಿ ಕೆಲಸಕ್ಕಿದ್ದಾನೆ. 2020ರ ಮಾರ್ಚ್ ತಿಂಗಳಲ್ಲಿ ವಿಮಾನಗಳು ನಿಂತು, ಇತ್ತ ಕೇರಳ–ಕರ್ನಾಟಕದ ನಡುವಿನ ತಲಪಾಡಿಯ ಗಡಿಯೂ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗುವುದೇ ನಮ್ಮ ಕಡೆಯವರಿಗೆ ದುಸ್ತರವಾಗಿದ್ದ ದಿನಗಳಲ್ಲಿ, ಸಮುದ್ರದಾಚೆಗಿನ ಮಗನನ್ನು ಕರೆತರುವ ದಾರಿ ಯಾವುದು ಎಂದು ಅಮ್ಮ ಯಾರನ್ನೂ ಕೇಳಲಿಲ್ಲ. ದೇವರ ಕೋಣೆಯಲ್ಲಿ ದೀಪ ಹಚ್ಚಿ ಸುಂದರಕಾಂಡವನ್ನು ತೆರೆದು ಕುಳಿತಳು. ಅರುವತ್ತೆಂಟು ಸರ್ಗಗಳನ್ನು ಪೂರ್ತಿ ಪಾರಾಯಣ ಮಾಡುತ್ತೇನೆ, ಅವನು ಕ್ಷೇಮವಾಗಿ ಬಂದರೆ ಅವನ ಕೈಯಿಂದಲೇ ಬೇಕಲದ ಪ್ರಾಣದೇವರಿಗೆ ತುಳಸಿಮಾಲೆಯನ್ನೂ ತೋಟದ ಕದಳಿ ಗೊನೆಯನ್ನೂ ಒಪ್ಪಿಸುತ್ತೇನೆ ಎಂದು ಹರಕೆ ಹೇಳಿಕೊಂಡಳು. ಮೇ 7ರಿಂದ ಕೊಲ್ಲಿ ನಾಡುಗಳಿಂದ ವಿಶೇಷ ವಿಮಾನಗಳು ಬರತೊಡಗಿದವು. ಅಣ್ಣನ ಸರದಿ ಜೂನ್ ತಿಂಗಳಲ್ಲಿ ಬಂತು. ಬಂದವನು ಹದಿನಾಲ್ಕು ದಿನ ಪ್ರತ್ಯೇಕ ಕೋಣೆಯಲ್ಲಿದ್ದು, ಕೆಲವು ತಿಂಗಳಲ್ಲೇ ಮತ್ತೆ ಕೆಲಸಕ್ಕೆ ಮರಳಬೇಕಾಯಿತು. ಹರಕೆ ಉಳಿಯಿತು. ಮುಂದಿನ ರಜೆಯಲ್ಲಿ, 2021ರ ಡಿಸೆಂಬರ್ ತಿಂಗಳ ಒಂದು ಶನಿವಾರ, ಅದನ್ನು ತೀರಿಸಲು ಹೊರಟೆವು.

ಆ ಪಾರಾಯಣದ ದಿನಗಳಲ್ಲಿ ಅಮ್ಮನ ಪಕ್ಕದಲ್ಲಿ ಕುಳಿತು ನಾನೂ ಓದುತ್ತಿದ್ದೆ. ಸುಂದರಕಾಂಡ ಆರಂಭವಾಗುವ ಮೊದಲು, ಕಿಷ್ಕಿಂಧಾಕಾಂಡದ ಕೊನೆಯಲ್ಲಿ, ನೂರು ಯೋಜನದ ಕಡಲನ್ನು ಹಾರುವವರು ಯಾರು ಎಂಬ ಪ್ರಶ್ನೆ ವಾನರರ ಮುಂದೆ ಬರುತ್ತದೆ. ಗಜನು ಹತ್ತು ಯೋಜನ ಎನ್ನುತ್ತಾನೆ, ಗವಾಕ್ಷನು ಇಪ್ಪತ್ತು ಎನ್ನುತ್ತಾನೆ. ಹೀಗೆ ಏರುತ್ತ ಏರುತ್ತ ಮುದುಕನಾದ ಜಾಂಬವಂತನು ತೊಂಬತ್ತಕ್ಕೆ ಬಂದು ನಿಲ್ಲುತ್ತಾನೆ. ಅಂಗದನೊಬ್ಬನು ನೂರು ಯೋಜನವನ್ನೂ ಹಾರಬಲ್ಲೆನೆಂದು ಹೇಳುತ್ತಾನೆ, ಆದರೆ ಮರಳಿ ಬರುವ ಶಕ್ತಿ ತನಗಿದೆಯೋ ಇಲ್ಲವೋ ತಿಳಿಯದು ಎಂದೂ ಹೇಳುತ್ತಾನೆ. ಬಾಲ್ಯದಿಂದ ಎಷ್ಟೋ ಸಲ ಕೇಳಿದ ಕಥೆಯಾದರೂ ಅಂಗದನ ಈ ಅಳುಕು ನನ್ನ ಮನಸ್ಸನ್ನು ತಟ್ಟಿದ್ದು ಆ ವರ್ಷವೇ. ನಮ್ಮ ಜಿಲ್ಲೆಯಲ್ಲಿ ಕಡಲು ದಾಟಿ ಹೋಗುವುದು ಹೊಸತಲ್ಲ; ಕನ್ನಡ, ತುಳು, ಮಲಯಾಳ, ಬ್ಯಾರಿ, ಮರಾಠಿ, ಕೊಂಕಣಿ ಯಾವ ಮನೆಮಾತಿನ ಮನೆಯಲ್ಲಿ ಕೇಳಿದರೂ ಒಬ್ಬನಾದರೂ ಆಚೆಯಲ್ಲಿರುತ್ತಾನೆ. ಹೋಗುವುದಕ್ಕೆ ಟಿಕೆಟು ಸಾಕು. ಬರುವುದರ ಬಗೆಗಿನ ಭಯವನ್ನು ಮಾತ್ರ ಮನೆಯವರು ಬಾಯಿಬಿಟ್ಟು ಆಡುವುದಿಲ್ಲ. ಅಂಗದನು ಯುವರಾಜನಾಗಿದ್ದೂ ಅದನ್ನು ಎಲ್ಲರೆದುರು ಆಡಿದನಲ್ಲ, ಅದಕ್ಕಾಗಿ ಅವನಿಗೆ ಕೈಮುಗಿಯಬೇಕೆನ್ನಿಸುತ್ತದೆ.

ಅಷ್ಟು ಹೊತ್ತೂ ಹನುಮಂತನು ಒಂದು ಬದಿಯಲ್ಲಿ ಸುಮ್ಮನೆ ಕುಳಿತಿದ್ದಾನೆ. ಜಾಂಬವಂತನೇ ಹತ್ತಿರ ಹೋಗಿ ಅವನ ಹುಟ್ಟನ್ನೂ ಬಲವನ್ನೂ ನೆನಪಿಸಬೇಕಾಗುತ್ತದೆ. ಹೆಬ್ಬಾಗಿಲಿನ ಗುಡಿಯ ಮುಂದೆ ನಿಂತಾಗ ನನಗೆ ನೆನಪಾದದ್ದು ಕಡಲು ಹಾರಿದ ಹನುಮಂತನಿಗಿಂತ ಹೆಚ್ಚಾಗಿ ಹೀಗೆ ಬದಿಯಲ್ಲಿ ಕುಳಿತ ಹನುಮಂತ.

ಅಮ್ಮ ಬೆಳಗಿನ ಜಾವ ಕಟ್ಟಿದ ತುಳಸಿಮಾಲೆಯನ್ನು ಬಾಳೆಯೆಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಬಿಗಿದು ತಂದಿದ್ದಳು. ಬಿಚ್ಚುವಾಗ ಎಲೆಯೊಳಗೆ ಇಬ್ಬನಿಯಂತೆ ನೀರು ಕಟ್ಟಿತ್ತು, ತುಳಸಿಯ ಪರಿಮಳ ಒಮ್ಮೆಲೇ ಎದ್ದಿತು. ಅಣ್ಣ ಅದನ್ನು ಎರಡೂ ಕೈಗಳಲ್ಲಿ ಹಿಡಿದು ಅರ್ಚಕರಿಗೆ ಕೊಟ್ಟ. ಹೆಸರು, ನಕ್ಷತ್ರ ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿಬಿಟ್ಟಳು. ಮಂಗಳಾರತಿಯ ಬೆಳಕಿನಲ್ಲಿ ಅವಳು ಕಣ್ಣು ಮುಚ್ಚಲಿಲ್ಲ. ದೇವರನ್ನು ನೋಡಿದಳು, ಮಗನನ್ನು ನೋಡಿದಳು, ಮತ್ತೆ ದೇವರನ್ನು ನೋಡಿದಳು.

ಹರಕೆ ಅಲ್ಲಿಗೆ ಮುಗಿಯಿತು. ಆದರೂ ಸಮುದ್ರವನ್ನು ನೋಡದೆ ಹಿಂದಿರುಗುವುದು ಬೇಡವೆಂದು ಅಮ್ಮನೇ ಹೇಳಿದಳು. ಮಂಡಿನೋವಿನ ಅವಳಿಗೆ ಕೋಟೆಯ ನಡುವಿನ ವೀಕ್ಷಣಾ ಗೋಪುರ ಸುಲಭವಾಯಿತು, ಏಕೆಂದರೆ ಅದನ್ನು ಏರಲು ಮೆಟ್ಟಿಲುಗಳ ಬದಲು ಅಗಲವಾದ ಇಳಿಜಾರಿನ ದಾರಿಯಿದೆ. ಹೈದರಾಲಿಯು 1763ರಲ್ಲಿ ಕೋಟೆಯನ್ನು ಗೆದ್ದ ನಂತರ ಇದು ಟಿಪ್ಪುವಿನ ಕಾಲದಲ್ಲಿ ಮುಖ್ಯ ಸೇನಾನೆಲೆಯಾಗಿತ್ತು. ಗೋಪುರವೂ ಆ ಕಾಲದ್ದೆಂದು ಹೇಳುತ್ತಾರೆ. ಮೇಲೆ ನಿಂತರೆ ಬಡಗಣಕ್ಕೂ ತೆಂಕಣಕ್ಕೂ ತೆಂಗಿನ ತೋಟಗಳ ಹಸುರು, ಪಡುವಣಕ್ಕೆ ಬರೀ ನೀರು. ಕಡಲ ಬದಿಯ ಗೋಡೆಗಳಲ್ಲಿ ಮೇಲೆ, ನಡುವೆ, ಕೆಳಗೆ ಎಂದು ಕಿಂಡಿಗಳಿವೆ. ದೂರದ ಶತ್ರುವಿಗೊಂದು, ಸಮೀಪಿಸಿದವನಿಗೊಂದು, ಬುಡಕ್ಕೇ ಬಂದವನಿಗೊಂದು. ಅಂಥ ಒಂದು ಕಿಂಡಿಯ ಅಂಚನ್ನು ನಾನು ಮುಟ್ಟಿ ನೋಡಿದೆ. ಉಪ್ಪುಗಾಳಿ ತಿಂದು ತಿಂದು ಮುರಕಲ್ಲು ಜೇನುಹಟ್ಟಿಯಂತಾಗಿತ್ತು, ಬೆರಳಿಗೆ ಕೆಂಪು ಹುಡಿ ಹತ್ತಿತು. ಬರುವವರನ್ನು ತಡೆಯಲೆಂದು ಕೊರೆದ ಕಿಂಡಿಯಲ್ಲಿ, ನಮ್ಮವರು ಬರುತ್ತಾರೆಯೇ ಎಂದು ಕಣ್ಣಿಟ್ಟು ನೋಡಿದವರೂ ಕೋಟೆಯ ಒಕ್ಕಲುಗಳಲ್ಲಿ ಇದ್ದಿರಬೇಕು.

ಹನುಮಂತನು ಲಂಕೆಗೆ ಹೋದ ಮೇಲೆ ದಡದಲ್ಲಿ ಉಳಿದವರ ವಿಷಯ ನಾವು ಹೆಚ್ಚು ಯೋಚಿಸುವುದಿಲ್ಲ. ಸುಗ್ರೀವನು ಕೊಟ್ಟ ತಿಂಗಳ ಗಡುವು ಮೀರಿದ್ದರಿಂದ ಅವರು ಅದಕ್ಕೂ ಮೊದಲೇ ಅನ್ನನೀರು ಬಿಟ್ಟು ಸಾಯುವ ಸಂಕಲ್ಪ ಮಾಡಿ ಕುಳಿತಿದ್ದವರು. ಹನುಮಂತನು ಮರಳುವಾಗ ಅವನ ರೂಪ ಕಣ್ಣಿಗೆ ಬೀಳುವ ಮೊದಲೇ ಅವರಿಗೆ ಅವನ ಗರ್ಜನೆ ಕೇಳಿಸುತ್ತದೆ. ಆ ದನಿಯನ್ನು ಕೇಳಿದೊಡನೆ ಜಾಂಬವಂತನು, ಕಾರ್ಯ ಆಗಿದೆ, ಆಗದಿದ್ದರೆ ದನಿ ಹೀಗಿರುತ್ತಿರಲಿಲ್ಲ ಎಂದು ಹೇಳುತ್ತಾನೆ. ವಾನರರೆಲ್ಲರೂ ಮರದ ತುದಿಗಳಿಗೆ ಹತ್ತಿ, ಹೂಬಿಟ್ಟ ಕೊಂಬೆಗಳನ್ನು ಹಿಡಿದು, ಬಟ್ಟೆ ಬೀಸುವಂತೆ ಬೀಸುತ್ತಾರೆ. ವಾಲ್ಮೀಕಿಗಳು ಕಾದವರನ್ನು ಮರೆಯಲಿಲ್ಲ. ಹಾರಿದವನ ಭಕ್ತಿಯನ್ನು ಲೋಕವೇ ಹಾಡುತ್ತದೆ. ನನಗೆ ಆ ದಿನ ಗೋಪುರದ ಮೇಲೆ, ಕಾದವರದೂ ಅಷ್ಟೇ ದೊಡ್ಡ ಭಕ್ತಿಯೆಂದು ತೋರಿತು.

“ದುಬೈ ಯಾವ ದಿಕ್ಕಿಗೆ ಬರ್ತದೆ ಮಗಾ?” ಎಂದು ಅಮ್ಮ ಕೇಳಿದಳು. ಅಣ್ಣ ಬಡಗುಪಡುವಣಕ್ಕೆ ಕೈತೋರಿಸಿದ. ಅಲ್ಲಿ ಒಂದು ಮೀನುದೋಣಿಯಲ್ಲದೆ ಬೇರೇನೂ ಇರಲಿಲ್ಲ. ಅಮ್ಮ ಬಹಳ ಹೊತ್ತು ಆ ಕಡೆಗೇ ನೋಡಿ, ಅತ್ತ ತಿರುಗಿಯೇ ಕೈಮುಗಿದಳು.

ಜನವರಿಯಲ್ಲಿ ಅಣ್ಣ ಹೊರಟ. ಅವನ ವಿಮಾನ ಇಳಿಯುವ ಹೊತ್ತಿಗೆ ನಮ್ಮಲ್ಲಿ ರಾತ್ರಿ ಹನ್ನೊಂದು ಗಂಟೆಯಾಗಿತ್ತು. ಫೋನು ಬಡಿದಾಗ ಅಮ್ಮ, ಸದ್ದು ಮಾಡಬೇಡಿ ಎಂದು ನಮಗೆ ಕೈಸನ್ನೆ ಮಾಡಿ, ಕಿವಿಗಿಟ್ಟುಕೊಂಡಳು. ಅವನು “ಅಮ್ಮಾ” ಎಂದದ್ದಷ್ಟೇ ನಮಗೂ ಕೇಳಿಸಿತು. “ಸುಖವಾಗಿ ಮುಟ್ಟಿದ,” ಎಂದು ಅವನ ಮುಂದಿನ ಮಾತಿಗೆ ಕಾಯದೆ ನಮ್ಮ ಕಡೆಗೆ ತಿರುಗಿ ಹೇಳಿದಳು. ಮರುದಿನ ಬೆಳಗ್ಗೆ ನೋಡುವಾಗ, ಅವನು ಡಿಸೆಂಬರಿನಲ್ಲಿ ಬಂದಿಳಿದ ವಿಮಾನದ ಬೋರ್ಡಿಂಗ್ ಪಾಸನ್ನು ಗುರುತಿಗಿಟ್ಟು, ಸುಂದರಕಾಂಡದ ಮೊದಲ ಸರ್ಗವನ್ನು ಮತ್ತೆ ತೆರೆದಿದ್ದಳು.